ಕಸಾಯಿಖಾನೆಯಿಂದ ಬಂದ ಕರೆ

ಹಾವು ಕಚ್ಚಿದ ನಾಯಿಯನ್ನು ನೆವ್ ಕ್ರೌಚ್ ತನ್ನ ಅಂಗಿಯಲ್ಲೇ ಸುತ್ತಿಕೊಂಡು ತಂದಾಗ ರೊವೀನಾ ಮಧ್ಯಾಹ್ನದ ಊಟಕ್ಕೆ ಕೂತಿದ್ದಳು. ಬಾಯಿಗಿಟ್ಟಿದ್ದ, ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈಯನ್ನು ಅಲ್ಲೇ ಬಿಟ್ಟು ಎದ್ದಳು. ಡಾರ್ಲಿಂಗ್ ಡೌನ್ಸ್ ಬಯಲಿನ ಆ ಸಣ್ಣ ಊರಿನ ಪಶು ಆಸ್ಪತ್ರೆಯಲ್ಲಿ ಸಹಾಯಕಿಯಾಗಿ ವರ್ಷಗಟ್ಟಲೆ ದುಡಿದವಳಿಗೆ ಕಂದು ಹಾವಿನ ವಿಷ ಏನು ಮಾಡುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಡಾಕ್ಟರ್ ಹೆಡ್ಲಿ ಮದ್ದು ಏರಿಸುವಷ್ಟರಲ್ಲಿ ನಾಯಿಯ ಉಸಿರು ನಿಂತಿತು. ಗಂಟಲಿಗೆ ಕೊಳವೆ ಇಳಿಸಿದರು. ಅದರ ತುದಿಯ ರಬ್ಬರ್ ಚೀಲವನ್ನು ರೊವೀನಾ ಒತ್ತತೊಡಗಿದಳು. ಒತ್ತುವುದು, ಬಿಡುವುದು. ಇಡೀ ಮಧ್ಯಾಹ್ನ ಅದೇ. ಬಿಸಿಲು ಕಿಟಕಿಯಿಂದ ಸರಿದ ಮೇಲೆ ನಾಯಿ ತಾನಾಗಿಯೇ ಒಮ್ಮೆ ಉಸಿರೆಳೆಯಿತು, ಆಮೇಲೆ ಮತ್ತೊಮ್ಮೆ.

ಮೂಲೆಯಲ್ಲಿ ಬನಿಯನ್ನಿನಲ್ಲೇ ಕೂತಿದ್ದ ನೆವ್ ಮೂಗು ಒರೆಸಿಕೊಂಡ.

“ಕೈ ನೋಯ್ತಿಲ್ವಾ ನಿಂಗೆ?”

“ನೋಯ್ತಿದೆ. ನಾಳೆ ಇನ್ನೂ ನೋಯುತ್ತೆ.”

“ಇಷ್ಟಕ್ಕೆಲ್ಲ ಎಷ್ಟು ಕೊಡ್ತಾರೆ ನಿಮ್ ಡಾಕ್ಟ್ರು?”

ಮುಚ್ಚಿಡುವ ಶಕ್ತಿಯೂ ಇರಲಿಲ್ಲ. ಇದ್ದದ್ದನ್ನು ಹೇಳಿದಳು.

“ತಮಾಷೆ ಮಾಡ್ಬೇಡ ಕಣೆ. ನಮ್ಮಲ್ಲಿ ನೆಲ ತೊಳೆಯೋನಿಗೆ ಇದಕ್ಕಿಂತ ಜಾಸ್ತಿ.”

ನಮ್ಮಲ್ಲಿ ಎಂದರೆ ಊರಾಚೆಯ ದೊಡ್ಡ ಕಸಾಯಿಖಾನೆ. ನೆವ್ ಅಲ್ಲಿನ ದನದ ದೊಡ್ಡಿಗಳ ಮೇಲ್ವಿಚಾರಕ.

“ಅಲ್ಲಿ ದನಗಳನ್ನ ನೋಡ್ಕೊಳ್ಳೋಕೆ ಒಬ್ರು ಬೇಕು” ಎಂದ. “ಲಾರಿಯಿಂದ ಇಳಿಸುವಾಗ ಯಾರೂ ಹೊಡೀಬಾರ್ದು. ಕುಂಟೋದನ್ನ ಬೇರೆ ಮಾಡ್ಬೇಕು. ಕೊನೇವರೆಗೂ ಅವಕ್ಕೆ ಹಿಂಸೆ ಆಗ್ದಂಗೆ ನೋಡ್ಬೇಕು. ನಿನ್ನ ಸಂಬಳದ ಹತ್ರ ಹತ್ರ ಎರಡರಷ್ಟು ಬರುತ್ತೆ. ಬಾ.”

“ಕೊನೇವರೆಗೂ ಅಂದ್ರೆ?”

“ಕೊನೇವರೆಗೂ ಅಂದ್ರೆ ಕೊನೇವರೆಗೂ.”

ಮನೆಗೆ ಹೋಗಿ ತಾಯಿ ಮಾರ್ಲೀನ್‌ಗೆ ಹೇಳಿದಳು. ಬಾಡಿಗೆ ಮನೆ ಕೈಗೆಟುಕದೆ ರೊವೀನಾ ಇನ್ನೂ ತಾಯಿಯ ಮನೆಯ ಹಿಂಬದಿಯ ಕೋಣೆಯಲ್ಲೇ ಇದ್ದಳು.

“ಇದಕ್ಕೆ ಯೋಚ್ನೆ ಬೇರೆ ಮಾಡ್ತೀಯಾ?” ಎಂದಳು ಮಾರ್ಲೀನ್.

“ಅದು ಕೊಲ್ಲೋ ಜಾಗ ಅಮ್ಮಾ.”

“ಹೂಂ. ನಾನು ಮಧ್ಯಾಹ್ನಕ್ಕೆ ಕಟ್ಟಿಕೊಟ್ಟ ಪೈ ಏನು, ಎಲೆಕೋಸಿಂದಾ?”

ರೊವೀನಾಗೆ ನಗುವೂ ಬಂತು, ಸಿಟ್ಟೂ ಬಂತು. ಯಾವುದಕ್ಕೆ ಯಾವುದು ಎಂದು ತಿಳಿಯಲಿಲ್ಲ. ಹೆಡ್ಲಿ ಬೇಡವೆಂದರೆ ಬಿಡುವುದು ಎಂದುಕೊಂಡಳು. ಬೇಡವೆಂದೇ ಅನ್ನುತ್ತಾರೆ ಎಂಬ ಧೈರ್ಯವೂ ಇತ್ತು.

ಬೆಳಿಗ್ಗೆ ಹೆಡ್ಲಿ ಕೈ ತೊಳೆಯುತ್ತಾ ಎಲ್ಲ ಕೇಳಿಸಿಕೊಂಡರು.

“ಇಲ್ಲಿ ನಿಂಗೆ ಏರೋಕೆ ಇನ್ನು ಮೆಟ್ಲಿಲ್ಲ, ರೊ. ಹಿರಿಯ ಸಹಾಯಕಿ ಅಂತ ಇದ್ದಿದ್ದೊಂದು, ಅದನ್ನ ಆಗ್ಲೇ ಕೊಟ್ಟಾಯ್ತು.”

“ಸಂಬಳ?”

“ದರ ಏರಿಸಿದ್ರೆ ಜನ ಪ್ರಾಣಿಗಳನ್ನ ತರೋದೇ ಬಿಡ್ತಾರೆ. ಮನೇಲೇ ಸಾಯ್ಲಿ ಅಂತಾರೆ. ನಂಗೂ ದಾರಿ ಕಾಣ್ತಿಲ್ಲ.” ಒರೆಸಿಕೊಂಡ ಕೈಯನ್ನೇ ಮತ್ತೆ ಒರೆಸಿಕೊಂಡರು. “ನಾನಾಗಿದ್ರೆ ಹೋಗ್ತಿದ್ದೆ.”

ಅವಳಿಗೆ ಹಗುರಾಗಬೇಕಿತ್ತು. ಬದಲಿಗೆ ಯಾರೋ ಹೊರಗೆ ಹಾಕಿ ಬಾಗಿಲು ಮುಚ್ಚಿದ ಹಾಗಾಯಿತು.

ರಜೆ ಹಾಕಿ, ನೋಡಿಯಾದರೂ ಬರೋಣವೆಂದು ದೊಡ್ಡಿಗೆ ಹೋದಳು. ವಾಸನೆ ಅವಳಿಗೆ ಹೊಸದಲ್ಲ. ಲಾರಿಯಿಂದ ಇಳಿಯುತ್ತಿದ್ದ ದನಗಳ ನಡುವೆ ಕೆಂದು ಹೋರಿಯೊಂದು ಹಿಂಗಾಲನ್ನು ನೆಲಕ್ಕೆ ಊರದೆ ತಡವರಿಸುತ್ತಿತ್ತು. ಹಿಂದಿನವು ಅದರ ಮೇಲೆ ಒತ್ತುತ್ತಿದ್ದವು.

“ನಿಲ್ಸಿ” ಎಂದಳು. ತಾನಿಲ್ಲಿ ಕೆಲಸಕ್ಕೇ ಸೇರಿಲ್ಲ ಎಂಬುದು ಆಮೇಲೆ ಹೊಳೆಯಿತು.

ನೆವ್ ಕೈ ಎತ್ತಿದ. ಗೇಟುಗಳು ಮುಚ್ಚಿಕೊಂಡವು, ಗಂಡಸರೆಲ್ಲ ಇದ್ದಲ್ಲೇ ನಿಂತರು. ಆಸ್ಪತ್ರೆಯಲ್ಲಿ ಅವಳ ಮಾತಿಗೆ ಇಷ್ಟು ಜನ ಎಂದೂ ನಿಂತಿರಲಿಲ್ಲ. ಒಳಗೆ ಇಳಿದು, ಹೋರಿಯನ್ನು ಮೆಲ್ಲಗೆ ಬದಿಯ ನೆರಳಿಗೆ ನಡೆಸಿದಳು. ನೀರು ಇಟ್ಟಳು. ಅದು ಕುಡಿಯಿತು.

“ಈಗ?” ಎಂದಳು.

“ಕಾಲು ಮುರಿದಿದೆ. ಇಲ್ಲೇ, ಬೇಗ ಮುಗಿಸ್ತಾರೆ. ನೀನು ಕಂಡಿರ್ಲಿಲ್ಲ ಅಂದ್ರೆ ತುಳಿಸ್ಕೊಂಡು ಸಾಯ್ತಿತ್ತು.”

ಬಂದೂಕಿನವನು ಬಂದ. ಸದ್ದಿಗೆ ಹೋರಿ ಕುಸಿಯಿತು. ರೊವೀನಾ ಬಾಗಿ, ಜೀವ ಉಳಿದಿದೆಯೇ ಎಂದು ಅದರ ಕಣ್ಣು ಮುಟ್ಟಿ ನೋಡಿದಳು. ರೆಪ್ಪೆ ಅಲುಗಲಿಲ್ಲ. ಸರಿಯಾಗಿಯೇ ಆಗಿತ್ತು. ತಾನು ಒಳ್ಳೆಯದು ಮಾಡಿದೆನೆಂದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಯಿತು. ನೆವ್ ಕೊಟ್ಟ ಚಹಾವನ್ನು ನಿಂತೇ ಕುಡಿದಳು. “ಸೋಮವಾರದಿಂದ ಬರ್ತೀನಿ” ಎಂದದ್ದು ತನ್ನದೇ ದನಿ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಶನಿವಾರಗಳನ್ನು ಮಾತ್ರ ಬಿಡಲಿಲ್ಲ. ಅಂದು ಆಸ್ಪತ್ರೆಗೇ ಬರುತ್ತೇನೆಂದಾಗ ಹೆಡ್ಲಿ ಕಾರಣ ಕೇಳದೆ ಒಪ್ಪಿದರು.

ಮೊದಲ ಶನಿವಾರವೇ ಬೆಕ್ಕು ತಂದ ಮುದುಕಿಯೊಬ್ಬಳು, “ವಾರವೆಲ್ಲ ಕಾಣ್ಲಿಲ್ಲ. ಎಲ್ಲಿದೀಯಮ್ಮಾ ಈಗ?” ಎಂದು ಕೇಳಿದಳು.

“ದನಗಳ ಹತ್ರ” ಎಂದಳು ರೊವೀನಾ.

“ಒಳ್ಳೇದಾಯ್ತು ಬಿಡು. ನಿಂಗೆ ಪ್ರಾಣಿ ಅಂದ್ರೆ ಜೀವ.”

ಅಷ್ಟರಲ್ಲಿ ಹೆಡ್ಲಿ ಸೂಜಿ ಹಿಡಿದು ಬಂದರು. ರೊವೀನಾ ಬೆಕ್ಕಿನ ಕತ್ತಿನ ಚರ್ಮವನ್ನು ಮೃದುವಾಗಿ ಹಿಡಿದುಕೊಂಡಳು.