ಕೋಟಿನ ಜೇಬಿನಲ್ಲಿ ಟೋಕನ್

ಯಾರ್ಕ್‌ಷೈರಿನ ಹಾಬ್ಸ್‌ಡೇಲ್ ಕಣಿವೆಯ ನಮ್ಮ ಹಳೆಯ ಉಗಿಬಂಡಿ ಮಾರ್ಗಕ್ಕೆ ವಿಲ್ಫ್ರೆಡ್ ಆಗ್ಡನ್ ಮೊದಲು ಬಂದದ್ದು ಹಳಿಗಳ ನಡುವಿನ ಕಳೆ ಕೀಳಲು. ಕೊನೆಗೆ ವ್ಯವಸ್ಥಾಪಕರಾಗಿ ನಿವೃತ್ತರಾದರು. ಮರುವಾರವೇ ಮತ್ತೆ ಬಂದರು, ಸಂಬಳವಿಲ್ಲದ ಸ್ವಯಂಸೇವಕರಾಗಿ. ಅವರಿಗೆ ಬೇಕಾಗಿದ್ದುದು ಸಿಗ್ನಲ್ ಕೋಣೆಯ ಕೆಲಸ ಒಂದೇ.

ವ್ಯವಸ್ಥಾಪಕರ ಕುರ್ಚಿಯಲ್ಲಿ ಈಗ ಕುಳಿತಿರುವ ಹೇಝಲ್ ಆಗ್ಡನ್ನರ ಕೈಕೆಳಗೇ ಕೆಲಸ ಕಲಿತವಳು. "ಶನಿವಾರ ಒಂದಿನ ಮಾಡಿ ನೋಡಿ, ಮಿಸ್ಟರ್ ಆಗ್ಡನ್. ಸರಿಹೋದ್ರೆ ಆ ಕೋಣೆ ನಿಮ್ದೇ" ಎಂದಳು.

ನಮ್ಮದು ಒಂಟಿ ಹಳಿ. ಎದುರಿನಿಂದ ಬೇರೆ ಬಂಡಿ ಇಲ್ಲವೆಂಬ ಗುರುತಾದ ಹಿತ್ತಾಳೆಯ ಟೋಕನ್ ಕೈಗೆ ಬರದೆ ಚಾಲಕ ಬಂಡಿ ಕದಲಿಸುವಂತಿಲ್ಲ. ಶನಿವಾರ ಮಧ್ಯಾಹ್ನ ಬಂಡಿ ಬಂದಾಗ ಚಾಲಕ ನೆಡ್ ಟೋಕನನ್ನು ಆಗ್ಡನ್ನರಿಗೆ ಒಪ್ಪಿಸಿದ. ವಾಪಸು ಹೊರಡುವಾಗ ಅವರು ಅದನ್ನು ಮರಳಿ ಕೊಡಬೇಕು. ಅಷ್ಟರಲ್ಲಿ ಮುದುಕಿಯೊಬ್ಬಳು ಪೆಟ್ಟಿಗೆ ಎಳೆಯುತ್ತ ಇಳಿದಳು. ವ್ಯವಸ್ಥಾಪಕರಾಗಿದ್ದಾಗಿನ ಅಭ್ಯಾಸ, ಆಗ್ಡನ್ ಟೋಕನನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಪೆಟ್ಟಿಗೆ ಎತ್ತಿ, ಅವಳ ಜೊತೆ ಮಾತಾಡುತ್ತ ಬಸ್ ನಿಲ್ದಾಣದ ಕಡೆ ನಡೆದೇಬಿಟ್ಟರು.

ಹೊರಡುವ ಹೊತ್ತು ದಾಟಿತು. ಪ್ರಯಾಣಿಕರು ಕಿಟಕಿಯಿಂದ ತಲೆ ಹೊರಹಾಕಿದರು.

"ಏನಪ್ಪಾ, ಯಾಕಿನ್ನೂ ಹೊರಡ್ಲಿಲ್ಲ?"

"ಎಂಜಿನ್‌ಗೂ ಬಾಯಾರುತ್ತೆ ಕಣ್ರೀ, ನೀರು ಕುಡೀತಾ ಇದೆ" ಎಂದ ನೆಡ್. ತೊಟ್ಟಿ ಆಗಲೇ ತುಂಬಿತ್ತು. ನಾನು ನಿಲ್ದಾಣದಲ್ಲಿರುವ ನನ್ನ ಚಹಾದಂಗಡಿಯಿಂದ ಎಲ್ಲರಿಗೂ ಬಿಸ್ಕತ್ತು ಹಂಚಿದೆ.

ಆಗ್ಡನ್ ಕೈ ಒರೆಸಿಕೊಳ್ಳುತ್ತ ಮರಳಿದರು. ನಿಂತೇ ಇದ್ದ ಬಂಡಿಯನ್ನು ನೋಡಿದರು. ಜೇಬು ಮುಟ್ಟಿಕೊಂಡರು.

"ತಗೊಂಬನ್ನಿ, ಯಾರಿಗೂ ಗೊತ್ತಾಗಿಲ್ಲ" ಎಂದ ನೆಡ್, ಮೆಲ್ಲಗೆ.

ಟೋಕನ್ ಕೊಟ್ಟು, ಸಿಗ್ನಲ್ ಇಳಿಸಿ, ಬಂಡಿಯನ್ನು ಕಳಿಸಿದ ಮೇಲೆ ಅವರು ನೇರ ಹೇಝಲಳ ಬಳಿಗೆ ಹೋದರು. ನನ್ನ ಅಂಗಡಿಯ ಬಾಗಿಲಲ್ಲೇ ಅವಳು ಚಹಾ ಕುಡಿಯುತ್ತಿದ್ದಳು.

"ಟೋಕನ್ ಜೇಬಲ್ಲಿಟ್ಕೊಂಡು ಹೊರಗೆ ಹೋಗ್ಬಿಟ್ಟೆ ಕಣಮ್ಮ."

"ನಾನು ಹೀಗೇ ಮಾಡಿದಾಗ ನೀವೇನ್ ಮಾಡಿದ್ರಿ, ನೆನಪಿದೆಯಾ?"

"ಒಂದ್ ತಿಂಗಳು ಬೇಲಿಗೆ ಬಣ್ಣ ಹೊಡೆಸ್ದೆ."

"ಬ್ರಷ್ ಷೆಡ್ಡಲ್ಲಿದೆ" ಎಂದಳು ಹೇಝಲ್. "ಇಲ್ಲಿಂದಲೇ ಶುರು ಮಾಡಿ."

ಅವಳು ತೋರಿಸಿದ್ದು ನನ್ನ ಅಂಗಡಿಯ ಎದುರಿನ ಬೇಲಿ. ಅಲ್ಲಿ ಗಾಳಿ ಕಡಿಮೆ, ಚಹಾ ಹತ್ತಿರ.

"ಆ ಮೂಲೆ ಬಿಟ್ರಲ್ಲ ಸಾಹೇಬ್ರೇ!" ಎಂದು ನೆಡ್ ಬಂಡಿ ಬಂದಾಗಲೆಲ್ಲ ಎಂಜಿನ್ನಿನಿಂದ ಕೂಗುತ್ತಿದ್ದ. ಆಗ್ಡನ್ ಬ್ರಷ್ ಎತ್ತಿ ಬೆದರಿಸುತ್ತಿದ್ದರು.

ಶನಿವಾರದ ಸಿಗ್ನಲ್ ಕೆಲಸ ಕೇಳಿಕೊಂಡು ಇಬ್ಬರು ಬಂದರು. ಹೇಝಲ್ ಯಾರಿಗೂ ಕೊಡಲಿಲ್ಲ. ಆಗ್ಡನ್ ಬಣ್ಣ ಹೊಡೆದ ಆ ತಿಂಗಳು ಪೂರ್ತಿ ತನ್ನ ರಜದ ದಿನವೂ ತಾನೇ ಬಂದು ಸಿಗ್ನಲ್ ಕೋಣೆಯ ಸನ್ನೆಕೋಲು ಎಳೆದಳು.