ಪರಸಗಡದ ಕೊನೆಯ ಕಲ್ಲು

ಕೃಷ್ಣವ್ವನಿಗೆ ಎಪ್ಪತ್ತೈದು ದಾಟಿತ್ತು. ಆ ವಯಸ್ಸಿನಲ್ಲಿ ಜನ ಹೆದರುವುದು ಮೊಣಕಾಲು ನೋವಿಗೆ, ಜಾರಿ ಬಿದ್ದರೆ ಮುರಿಯುವ ಸೊಂಟಕ್ಕೆ. ಈಕೆ ಹೆದರಿದ್ದು ಒಂದು ಪುಸ್ತಕಕ್ಕೆ. ಅದೂ ಇನ್ನೂ ಅಚ್ಚಾಗದ ಪುಸ್ತಕಕ್ಕೆ!

ಬರೆದವರು ನಿವೃತ್ತ ಮಾಸ್ತರ ವಿರೂಪಾಕ್ಷ. ಈಗಿನ ಸವದತ್ತಿ ತಾಲೂಕಿಗೆ ಹಿಂದಿನವರು ಪರಸಗಡ ತಾಲೂಕು ಎನ್ನುತ್ತಿದ್ದರು. ಬೈಲಹೊಂಗಲದ ಸೀಮೆ ಆಗ ಸಂಪಗಾವಿ ತಾಲೂಕು. ಈಗ ಪರಸಗಡ ಎಂದರೆ ಗುಡ್ಡದ ಮೇಲಿನ ಹಾಳು ಕೋಟೆ, ಇಲ್ಲವೇ ಕಚೇರಿಯ ಮೂಲೆಯ ಹಳದಿ ಕಾಗದ. ಮಾಸ್ತರರಿಗೆ ಮಾತ್ರ ಅದೊಂದು ಹುಚ್ಚು. ನಾಲ್ಕು ವರ್ಷ ಊರೂರು ತಿರುಗಿ, ಎರಡು ಜೊತೆ ಚಪ್ಪಲಿ ಸವೆಸಿ, ಆ ತಾಲೂಕಿನ ಚರಿತ್ರೆ ಬರೆದು ಮುಗಿಸಿದ್ದರು. ಎರಡು ತಾಲೂಕುಗಳ ನಡುವಿನ ಗಡಿಗಲ್ಲುಗಳಲ್ಲಿ ಕೆಲವು ಹೊಲದ ಒಡ್ಡಿಗೆ ಹೋಗಿದ್ದವು, ಕೆಲವು ಬಟ್ಟೆ ಒಗೆಯುವ ಬಂಡೆಗಳಾಗಿದ್ದವು. ಹೆಸರು ಕೆತ್ತಿದ ಕಲ್ಲು ಇನ್ನೂ ನೆಟ್ಟಗೆ ನಿಂತದ್ದು ಕೃಷ್ಣವ್ವನ ಊರು ಕಲ್ಲಹಾಳದ ಮಸಣದ ಅಂಚಿನಲ್ಲಿ, ಅದೊಂದೇ. ಮುಖಪುಟಕ್ಕೆ ಅದರದೇ ಫೋಟೊ ಆಗಬೇಕೆಂದು ಮಾಸ್ತರರ ಹಟ.

"ನಿಮ್ಮ ಮನಿತನದ ಹೆಸರೂ ಬರತೈತಿ, ಕೃಷ್ಣವ್ವಾ," ಎಂದಿದ್ದರು ಹಿಗ್ಗಿನಿಂದ. "ವಾಲೀಕಾರ ಶಟ್ಟೆಪ್ಪ ಕಾಯ್ದ ಗಡಿ ಕೂದಲೆಳಿಯಷ್ಟೂ ಸರದಿಲ್ಲ ಅಂತ ಬರದೇನಿ."

ಕೃಷ್ಣವ್ವ ಹ್ಞೂಂ ಎಂದಳು.

ಶಟ್ಟೆಪ್ಪ ಅವಳ ಮಾವ, ಊರು ಕಾಯುವ ವಾಲೀಕಾರ. ಊರ ಗಡಿ ಬಲ್ಲವರು ಅವರ ಮನೆಯವರು. ಬೇರೆ ದಿನ ಅವರನ್ನು ಅಂಗಳದಾಚೆ ನಿಲ್ಲಿಸುತ್ತಿದ್ದ ಗೌಡರು ಕೂಡ ಗಡಿಯ ಜಗಳ ಬಂದಾಗ ಅವನನ್ನೇ ಕರೆಸಬೇಕಿತ್ತು, ನೋಡಿ! ಶಟ್ಟೆಪ್ಪ ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು ನಡೆಯುತ್ತಿದ್ದ. ಅವನು ನಡೆದದ್ದೇ ಗಡಿ. ಮಣ್ಣು ಹೊತ್ತು ಸುಳ್ಳು ಹೆಜ್ಜೆ ಇಟ್ಟರೆ ವಂಶ ಉಳಿಯದು ಎಂಬ ನಂಬಿಕೆ. ಪ್ರತಿ ಕಲ್ಲಿನ ಕೆಳಗೂ ಒಂದು ಗಡಿಗೆ ಇದ್ದಿಲು ಹೂಳಿರುತ್ತಿದ್ದರು. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ಅದನ್ನು ಮುಟ್ಟುವುದಿಲ್ಲ. ಕಲ್ಲು ಹೋದರೂ ಸಾಕ್ಷಿ ಉಳಿಯುತ್ತದೆ. ಮನೆಗೆ ಸೊಸೆ ಬಂದ ವರ್ಷವೇ ಅವಳನ್ನೂ ಗಡಿಗುಂಟ ನಡೆಸಿ ಎಲ್ಲ ತೋರಿಸುವುದು ಅವರ ಪದ್ಧತಿ. ಕೃಷ್ಣವ್ವನೂ ಹಸಿರು ಬಳೆ ತೊಟ್ಟು ಮಾವನ ಹಿಂದೆ ನಡೆದಿದ್ದಳು.

ಅಂಥ ಮನೆಯ ಸೊಸೆಯೇ ಆ ಕಲ್ಲನ್ನು ಸರಿಸಿದ್ದಳು.

ಐವತ್ತು ವರ್ಷದ ಹಿಂದಿನ ಮಾತು. ಗಂಡ ಹನುಮಪ್ಪ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ಹೊರಗೆ ಜಡಿಮಳೆ, ಮಸಣದ ತುಂಬ ಹಳ್ಳದ ನೀರು. ಮಾವ ಪರವೂರಿಗೆ ಹೋದವನು ಹಳ್ಳದಾಚೆ ಸಿಕ್ಕಿಕೊಂಡಿದ್ದ. ಜನ ಏರಿನ ಮೇಲೆ ಕುಣಿ ತೋಡಿ ಮಣ್ಣು ಮಾಡಿದರು. ನೀರು ಇಳಿದ ಮೇಲೆ ನೋಡಿದರೆ ಹನುಮಪ್ಪ ಮಲಗಿದ್ದು ಗಡಿಯಾಚೆ, ಪಕ್ಕದ ಊರವರ ಹೊಲದಲ್ಲಿ. ಉಳುಮೆ ಹತ್ತಿರ ಬಂದಿತ್ತು. ಗಂಡನ ಎದೆಯ ಮೇಲೆ ನೇಗಿಲು ಹಾಯುವುದನ್ನು ನೆನೆದರೆ ಅವಳ ಜೀವ ಹಾರುತ್ತಿತ್ತು. ಊರೆಲ್ಲ ನೇಸರಗಿ ಸಂತೆಗೆ ಹೋದ ಒಂದು ಮಧ್ಯಾಹ್ನ ಕಲ್ಲಿಗೆ ಹಗ್ಗ ಬಿಗಿದು, ಎತ್ತು ಹೂಡಿ, ಬೇವಿನ ಮರದ ಬುಡದಿಂದ ಇಪ್ಪತ್ತು ಅಡಿ ಎಳೆದು, ಸಮಾಧಿಯ ಆಚೆಗೆ ನೆಟ್ಟಳು. ಆಗ ಕಟ್ಟುಮಸ್ತು ಹೆಣ್ಣು, ಮೈಯಲ್ಲಿ ಕಸುವಿತ್ತು. ಇದ್ದಿಲು ಮಾತ್ರ ಬೇವಿನ ಬುಡದಲ್ಲೇ ಉಳಿಯಿತು. ಯಾರೂ ಏನೂ ಕೇಳಲಿಲ್ಲ. ಮಾವ ಆ ವರ್ಷದಿಂದ ಮೊಣಕಾಲು ನೋವೆಂದು ಮಣ್ಣು ಹೊರುವುದನ್ನು ಬಿಟ್ಟ. ಆದರೆ ಹುಣ್ಣಿಮೆ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ ಹತ್ತುವಾಗ ಆ ನೋವು ಎಲ್ಲಿ ಹೋಗುತ್ತಿತ್ತೋ, ಅವಳಿಗೆ ತಿಳಿಯದು.

ಫೋಟೊದ ದಿನ ಬಂದೇ ಬಂತು. ಮಾಸ್ತರರ ಜೊತೆ ಕೃಷ್ಣವ್ವನ ಮೊಮ್ಮಗಳು ಪೂನಮ್ ಬಂದಳು. ಆಕೆ ಸರ್ವೆಯರ್, ಮೂರು ಕಾಲಿನ ಯಂತ್ರ ಹೂಡಿ ಅಳೆಯುವವಳು. ಗಡಿಯಾಚೆಯ ಆ ಹೊಲದ ಒಡೆಯ ಲಕ್ಕಪ್ಪನೂ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ. ಪೂನಮ್ ಮೂರು ಸಲ ಅಳೆದು ಹುಬ್ಬು ಗಂಟಿಕ್ಕಿದಳು.

"ಕಲ್ಲು ಹಳೇ ನಕಾಶಿಗೆ ಹೊಂದವಲ್ದು ಸರ್. ಇಪ್ಪತ್ತ ಅಡಿ ಫರಕ ಐತಿ."

"ನಿನ್ನ ಮಷೀನ ತಪ್ಪಿರಬೇಕು," ಎಂದು ಮಾಸ್ತರರು ಸಿಡುಕಿದರು. "ಕೆಳಗ ಅಗೀರಿ. ಇದ್ದಿಲು ಹೇಳತೈತಿ."

ಕೃಷ್ಣವ್ವ ಕಲ್ಲಿಗೆ ಅಡ್ಡ ಬಂದು ನಿಂತಳು. ಈಗಲ್ಲದಿದ್ದರೆ ಇನ್ನೆಂದೂ ಇಲ್ಲ.

"ಅಲ್ಲಿ ಅಗೀಬ್ಯಾಡ್ರಿ. ಅಲ್ಲಿ ಏನೂ ಇಲ್ಲ. ಇದ್ದಿಲು ಬೇವಿನ ಬುಡಕ ಐತಿ. ಕಲ್ಲು ಸರಿಸಿದಾಕಿ ನಾನ."

ಎಲ್ಲ ಹೇಳಿದಳು. ಲಕ್ಕಪ್ಪ ಗುದ್ದಲಿ ಎತ್ತಿಕೊಂಡು ಬೇವಿನ ಬುಡ ಅಗೆದ. ಸೊಂಟದಾಳ ಹೋದರೂ ಒಂದು ಚೂರು ಇದ್ದಿಲು ಸಿಗಲಿಲ್ಲ.

"ಆಯಿಗೆ ವಯಸ್ಸಾತು," ಎಂದಳು ಪೂನಮ್ ಮೆಲ್ಲಗೆ.

ಆಮೇಲೆ ಕಲ್ಲಿನ ಬುಡ ಅಗೆದರು. ಮೊಳದಾಳದಲ್ಲೇ ಮುಚ್ಚಿದ ಗಡಿಗೆ ಸಿಕ್ಕಿತು. ಬೋರಲು ಹಾಕಿದರೆ ಕರ್ರಗೆ ಇದ್ದಿಲು!

"ಅಬ್ಬಾ, ಉಳೀತು ನನ್ನ ಪುಸ್ತಕ!" ಮಾಸ್ತರರು ಕುಣಿಯುವುದೊಂದು ಬಾಕಿ. "ಗಡಿ ಇದ್ದಲ್ಲೇ ಐತಿ. ಕೃಷ್ಣವ್ವಾ, ನಿನಗ ಕನಸು ಬಿದ್ದಿರಬೇಕು, ತಗಿ."

ಕೃಷ್ಣವ್ವ ಕುಕ್ಕರುಗಾಲಿನಲ್ಲಿ ಕುಳಿತು ಇದ್ದಿಲು ಕೆದಕಿದಳು. ನಡುವೆ ಏನೋ ಮಿನುಗಿತು. ಹಸಿರು ಬಳೆಯ ಚೂರುಗಳು, ಚಿನ್ನದ ಬಣ್ಣದ ಚುಕ್ಕೆಯವು. ಮೂರನೆಯ ದಿನ ಗಂಡನ ಸಮಾಧಿಯ ಮೇಲೆ ಹೆಂಗಸರು ಒಡೆದ ಅವಳದೇ ಬಳೆಗಳು.

ಹಾಗಾದರೆ ಮಾವನಿಗೆ ಗೊತ್ತಿತ್ತು. ಗೊತ್ತಾಗಿ, ಬೈಯದೆ, ಬಾಯಿ ಬಿಡದೆ, ಹಳೆಯ ಗುಣಿಯಿಂದ ಗಡಿಗೆ ಎತ್ತಿ ತಂದು ಮಗನ ಕಾಲಬುಡದಲ್ಲಿ ಹೂಳಿದ್ದ. ಬಳೆಚೂರುಗಳನ್ನು ಒಂದೊಂದೇ ಆಯ್ದು ಒಳಗಿಟ್ಟಿದ್ದ. ಮೊಣಕಾಲಿಗೆ ಯಾವ ನೋವೂ ಇರಲಿಲ್ಲ. ಸುಳ್ಳು ಗಡಿಯ ಮೇಲೆ ಮಣ್ಣು ಹೊತ್ತು ನಡೆಯಲು ಅವನಿಗೆ ಆಗಲಿಲ್ಲ, ಅಷ್ಟೇ. ಬಲ್ಲವನೆಂದು ಊರು ಕೊಡುತ್ತಿದ್ದ ಒಂದೇ ಒಂದು ಮರ್ಯಾದೆಯನ್ನು ಅವನು ಸೊಸೆಗಾಗಿ ಬಿಟ್ಟಿದ್ದ.

ಅವಳು ಗಟ್ಟಿಯಾಗಿ ಅತ್ತಳು. ಐವತ್ತು ವರ್ಷ ಒಬ್ಬಳೇ ಹೊತ್ತೆನೆಂದು ತಿಳಿದಿದ್ದಳಲ್ಲ!

ಈಗ ಸುಮ್ಮನಿದ್ದರೆ ಮುಗಿದೇ ಹೋಗಿತ್ತು. ಕಲ್ಲು, ಇದ್ದಿಲು, ಮಾಸ್ತರರು, ಎಲ್ಲವೂ ಅವಳ ಪರ. ಅವಳು ಬಳೆಚೂರನ್ನು ಅಂಗೈಯಲ್ಲಿಟ್ಟು ಪೂನಮ್‌ಗೆ ತೋರಿಸಿದಳು.

"ನಿನ್ನ ಮಷೀನ ಖರೆ ಹೇಳೈತಿ ಮಗಳ. ಇವು ನನ್ನ ಬಳಿ. ನಮ್ಮ ಮಾವ ಇಟ್ಟಾನ. ಕಲ್ಲು ವಾಪಸ್ ಹೋಗಲಿ."

"ಆಯೀ, ಅಜ್ಜ ಲಕ್ಕಪ್ಪಣ್ಣನ ಹೊಲದಾಗ ಬೀಳತಾನ," ಎಂದಳು ಪೂನಮ್.

ಎಲ್ಲರೂ ಲಕ್ಕಪ್ಪನ ಕಡೆ ನೋಡಿದರು. ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

"ಹೊಲ ನಂದಾದ್ರ ನೇಗಿಲೂ ನಂದ ಅಲ್ಲೇನ್ರಿ? ಎಲ್ಲಿ ಹೂಡಬೇಕು, ಎಲ್ಲಿ ಎತ್ತಬೇಕು, ನನಗ ಗೊತ್ತೈತಿ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಕೂದಲೆಳಿಯಷ್ಟೂ ಸರದಿಲ್ಲ ಅಂತ ಬರದಿದ್ದೆ. ಅದನ್ನ ಹೊಡದ ಹಾಕಬೇಕಾತು," ಎಂದು ಗೊಣಗಿದರು.

ಕೃಷ್ಣವ್ವ ಗಂಡನ ಸಮಾಧಿಯ ಬದಿಯಿಂದ ಒಂದು ಹೆಂಟೆ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಬೇವಿನ ಮರದ ಕಡೆ ಮುಖ ಮಾಡಿದಳು.

"ಬಾ, ಪೂನಮ್. ನನ್ನ ಹಿಂದ ನಡಿ. ನಮ್ಮ ಮಾವ ಈ ನಡಿಗಿ ಅರ್ಧಕ್ಕ ಬಿಟ್ಟಾನ."