ಖಾಲಿ ಹಾಳೆಯ ಹೆಬ್ಬೆಟ್ಟು

ಮಸಿಯ ಹೆಬ್ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಆ ಹೆಂಗಸು ಹೊರಟೇಬಿಟ್ಟಳು, ಹೋಗಲಿ, ಪೀಡೆ ತೊಲಗಿತು ಅಂದುಕೊಂಡ ಉಚ್ಚೆಂಗೆಪ್ಪ, ಸಿರುಗುಪ್ಪ ತಾಲ್ಲೂಕು ಕಚೇರಿ ಮುಂದಿನ ಈ ಬೇವಿನ ಮರದಡಿ ಹನ್ನೆರಡು ವರ್ಷ ಮಂದಿಯ ಅರ್ಜಿ ಬರೆದು ಗಳಿಸಿದ್ದಾದರೂ ಏನು, ಬೆನ್ನುನೋವು — ಪಕ್ಕದ ಚಾಪೆಯ ರಂಗಣ್ಣ ಇನ್ನೂ ಕಿಸಿಯುತ್ತಿದ್ದಾನೆ, ಕಿಸಿ ಮಗನೇ, ಆ ಎಲೆಯಡಿಕೆ ಬಾಯಿ ಕಿವಿಯ ತನಕ ಹರಿಯಲಿ, ಹೆಬ್ಬೆಟ್ಟು ಮೊದಲು, ಬರಹ ಆಮೇಲೆ, ಇದು ಅವನ ಕಸುಬು, ಖಾಲಿ ಹಾಳೆಗೆ ಒತ್ತಿಸಿಕೊಂಡು ಮಂದಿಯನ್ನು ಊರಿಗೆ ಅಟ್ಟಿ ಎಲ್ಲರ ಹಾಳೆಗೂ ಅದೇ ನಾಲ್ಕು ಸಾಲು ಬಡಿಸುತ್ತಾನೆ, ಆದರೂ ಮಂದಿ ಸಾಲುಗಟ್ಟುವುದು ಅವನ ಮುಂದೆಯೇ. ತಾನೋ, ಕೂತು ಕೇಳಬೇಕು, ಬದು ಎಲ್ಲಿತ್ತು, ಯಾವ ಮಳೆಗೆ ಕೊಚ್ಚಿಹೋಯಿತು, ಮೊದಲು ಕೈ ಎತ್ತಿದವರು ಯಾರು, ಕೇಳಿ, ಬರೆದು, ಬರೆದದ್ದನ್ನು ಓದಿ ಹೇಳಿ, ಅವರು ಹೂಂ ಅಂದ ಮೇಲೆ ಹೆಬ್ಬೆಟ್ಟು — ಕೆಲಸದ ಮೇಲೆ ಪ್ರೀತಿಯಂತೆ, ಥೂ, ಲಾಲಸಾಬನ ಅರ್ಜಿಗೆ ಎರಡು ದಿನ ಹಿಡಿಯಿತು, ಅವನಪ್ಪ ನೆಟ್ಟ ಹುಣಸೆಮರವನ್ನೂ ಬಿಡದೆ ಬರೆದಿದ್ದ, ಇವತ್ತು ಬೆಳಿಗ್ಗೆ ಕಚೇರಿಯ ಗುಮಾಸ್ತ ನಾಲ್ಕೂ ಪುಟ ಮುಖಕ್ಕೆ ಎಸೆದ, ಏನಲೇ ಉಚ್ಚೆಂಗಿ, ಪುರಾಣ ಬರಕಂಡು ಬಂದೀಯಲ್ಲ, ಇದನ್ನ ಓದಾಕ ಸಾಹೇಬ್ರಿಗೆ ಬ್ಯಾರೆ ಕೆಲ್ಸ ಇಲ್ಲೇನು, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ, ಸ್ವರಾಜ್ಯ ಬಂದು ಎರಡು ವರ್ಷವಾಯಿತು, ಗುಮಾಸ್ತನ ನಾಲಗೆಗೆ ಮಾತ್ರ ಇನ್ನೂ ದೊರೆಗಳ ಕಾಲ. ಆ ಉರಿಯಲ್ಲೇ ಮರದಡಿ ಬಂದರೆ ಈ ಪಕ್ಕೀರಮ್ಮ, ತೆಕ್ಕಲಕೋಟೆಯವಳು, ಗಂಡನಿಲ್ಲದವಳು, ನೋಡ್ರಿ ಅಣ್ಣಾರ, ನಮ್ಮ ಮೈದುನ ಏನ್ ಮಾಡಿದ ಅಂದ್ರ, ಎಂದು ಶುರು ಹಚ್ಚಿದಳು, ಇವತ್ತು ಸಂಜೆಯೊಳಗೆ ತಕರಾರು ಅರ್ಜಿ ಬೀಳದಿದ್ದರೆ ಹೊಲ ಅವನ ಹೆಸರಿಗಂತೆ, ಸಾಕು ಮಾಡವ್ವ, ನಿನ್ನ ಕಥಿ ಯಾರಿಗೆ ಬೇಕು, ಇಲ್ಲಿ ಒತ್ತು, ನಡಿ, ಬರೀತೀನಿ, ಅಂದುಬಿಟ್ಟ ತಾನೇ. ಅವಳು ಎದುರಾಡಲಿಲ್ಲ, ನೀವು ಬರದ್ರ ಸಾಕ್ರಿ, ನಂಗೇನ್ ತಿಳೀತೈತಿ, ಒತ್ತಿದಳು, ಬೆರಳನ್ನು ಕೂದಲಿಗೆ ಒರೆಸಿಕೊಂಡಳು.

ಬರಿ ಈಗ. ಟಾಕು ಮಸಿಗೆ ಅದ್ದಿದ, ಹಾಳೆಯ ಬುಡದಲ್ಲಿ ಕಪ್ಪು ಹೆಬ್ಬೆಟ್ಟು, ಮೇಲೆಲ್ಲ ಬಿಳಿ, ಯಾವ ಹೊಲ, ಗೊತ್ತಿಲ್ಲ, ಮೈದುನ ಏನು ಮಾಡಿದ, ಹೇಳಲು ಬಿಟ್ಟಿದ್ದರಲ್ಲವೇ — ಹೊಲ ನಂದು, ಮೈದುನ ಕೆಟ್ಟಾವ, ಅಷ್ಟ್ ಬರದು ಒಗಿಯಲೇ, ರಂಗಣ್ಣ ಅನ್ನುತ್ತಾನೆ, ಈವತ್ತು ನಮ್ ದಾರಿಗೆ ಬಂದಿ ನೋಡು. ನಿನ್ನ ದಾರಿಗೆ ಬೆಂಕಿ ಬೀಳಲಿ. ತಾನು ಹುಡುಗನಾಗಿದ್ದಾಗ ಕುರುಗೋಡಿನ ಚಾವಡಿಯಲ್ಲೂ ಹೀಗೇ ಒಂದು ಬಿಳಿ ಹಾಳೆ, ದೊಡ್ಡಪ್ಪ ದೊಡ್ಡಬಸಪ್ಪ ಅವ್ವನ ಕೈ ಹಿಡಿದು, ಒತ್ತು ಹನುಮವ್ವ, ಬರಿಯಾದು ಆಮ್ಯಾಲ ಬರಸಿದ್ರಾತು, ಅವ್ವ ಏನೂ ಕೇಳದೆ ಒತ್ತಿದಳು, ಮಸಿಯನ್ನು ಕೂದಲಿಗೆ ಒರೆಸಿಕೊಂಡಳು, ಆ ಸುಗ್ಗಿಯ ಜೋಳ ದೊಡ್ಡಪ್ಪನ ಕಣಕ್ಕೆ ಹೋಯಿತು, ಮುಂದಿನ ಎಲ್ಲ ಸುಗ್ಗಿಗಳೂ. ಅಕ್ಷರ ಕಲಿತದ್ದು ಅದಕ್ಕೇ ಅಲ್ಲವೇನೋ ಹಲ್ಕಟ್, ಒಬ್ಬಳ ಬೆರಳಾದರೂ ತಾನು ಏನು ಒತ್ತಿದೆ ಎಂದು ತಿಳಿದು ಒತ್ತಲಿ ಎಂದು, ಗುಮಾಸ್ತನ ಒಂದು ಮಾತಿಗೆ ದೊಡ್ಡಬಸಪ್ಪನಾದೆಯಲ್ಲ, ರಂಗಣ್ಣನಿಗಿಂತ ಕಡೆಯಾದೆಯಲ್ಲ — ಹಾಳೆ ಹರಿದ, ಎದ್ದ, ಓಡಿದ, ಕಚೇರಿ ಮುಚ್ಚಲು ಇನ್ನೊಂದು ತಾಸು, ಬಿಸಿಲು, ಧೂಳು, ಸಂತೆಬಯಲಿನ ಆಚೆ ತೆಕ್ಕಲಕೋಟೆಯ ಬಂಡಿ ಹೂಡುತ್ತಿದ್ದಾರೆ, ಹೋಯ್, ನಿಲ್ಸ್ರಪ್ಪಾ, ಪಕ್ಕೀರಮ್ಮಾ, ಇಳಿಯವ್ವ, ನಿನ್ನ ಮೈದುನ ಏನ್ ಮಾಡಿದ ಹೇಳು, ಮೊದ್ಲಿಂದ ಹೇಳು, ದಮ್ಮು ಹತ್ತಿ ಮಾತು ಅರ್ಧ ಗಂಟಲಲ್ಲೇ, ಅವಳಿಗೆ ಕೇಳಿಸಿದ್ದು ಹೆಸರಷ್ಟೇ ಇರಬೇಕು, ತಿರುಗಿ ನೋಡಿದಳು, ಯಾಕ್ರಿ ಅಣ್ಣಾರ, ಹೆಬ್ಬೆಟ್ಟು ಸರಿ ಮೂಡಲಿಲ್ಲೇನ್ರಿ, ಅಷ್ಟೇ, ಏನು ಬರೆದಿರಿ ಎಂದು ಕೇಳಲಿಲ್ಲ, ಅವ್ವನೂ ಕೇಳಿರಲಿಲ್ಲ, ಬಂಡಿಯ ಮೇಲಿನಿಂದ ಹೆಬ್ಬೆರಳು ಆಗಲೇ ಕೆಳಗೆ ಚಾಚಿತ್ತು, ಉಗುರಿನ ಸಂದಿಯಲ್ಲಿ ಆರದ ಮಸಿ, ಮಸಿಗೆ ಅಂಟಿದ ಒಂದು ಬಿಳಿ ಕೂದಲು.